ನಲವತ್ತು ಸೆಕೆಂಡಿನ ಕುಡುಕ

ನಮ್ಮ ಮನೆಯಲ್ಲಿ ಹೆಸರು ಮಾಡಬೇಕೆಂದು ಹೊರಟವಳು ನಾನು, ಹೆಸರಾದವರು ನಮ್ಮ ಯಜಮಾನರು. ಇದು ಒಂದು ಸಲ ಆಗಿ ಮುಗಿದುಹೋದ ಸಂಗತಿಯಲ್ಲ. ತರಕಾರಿ ತರಲು ಹೋದರೂ ಆಗುತ್ತದೆ, ಗೃಹಪ್ರವೇಶಕ್ಕೆ ಹೋದರೂ ಆಗುತ್ತದೆ, ನ್ಯೂಜೆರ್ಸಿಯ ನಮ್ಮ ಎಡಿಸನ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ನಿಂತರೂ ಆಗುತ್ತದೆ. ಯಾರೋ ಬರುತ್ತಾರೆ, ನನ್ನನ್ನು ದಾಟಿಕೊಂಡು ಹೋಗಿ ಅವರ ಕೈ ಕುಲುಕುತ್ತಾರೆ.

ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನಾಗಬೇಕು? ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಹನ್ನೊಂದು ಸಾಕ್ಷ್ಯಚಿತ್ರ ಮಾಡಿದವಳು ನಾನು. ವರದಕ್ಷಿಣೆ ಮೇಲೆ ಮಾಡಿದೆ, ಹೊಗೆಯಿಲ್ಲದ ಒಲೆ ಮೇಲೆ ಮಾಡಿದೆ, ಅರವತ್ತು ದಾಟಿದ ಮೇಲೆ ಅಕ್ಷರ ಕಲಿತ ಅಜ್ಜಿಯರ ಮೇಲೆ ಮಾಡಿದೆ. ಊರೂರಿಗೆ ಸೈಕಲ್ ಮೇಲೆ ಪುಸ್ತಕ ಹೊತ್ತುಕೊಂಡು ಹೋದ ಮೇಷ್ಟ್ರ ಜೀವನ, ಒಂದು ಇಡೀ ಹೋಬಳಿಯ ಹೆರಿಗೆ ಮಾಡಿಸಿದ ಸೂಲಗಿತ್ತಿಯ ಜೀವನ, ಎಲ್ಲವನ್ನೂ ಮಾಡಿದೆ. ಸ್ಕ್ರಿಪ್ಟು ನಂದು, ನಿರ್ದೇಶನ ನಂದು, ಹಿನ್ನೆಲೆಯಲ್ಲಿ ಕೇಳುವ ದನಿಯೂ ನಂದೇ. ಆ ಹನ್ನೊಂದರಲ್ಲಿ ಒಂದೇ ಒಂದು ಚಿತ್ರದಲ್ಲಿ, ನಲವತ್ತು ಸೆಕೆಂಡು, ನಮ್ಮ ಯಜಮಾನರು ಕುಡುಕನಾಗಿ ಮೋರಿಗೆ ಬಿದ್ದಿದ್ದಾರೆ. ಇವತ್ತು ನ್ಯೂಜೆರ್ಸಿಯ ಜನಕ್ಕೆ ನೆನಪಿರುವುದು ಆ ಮೋರಿ ಮಾತ್ರ.

೧. ಬದಲಿ ಕುಡುಕ

ಆಗ ಸಾರಾಯಿ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ಹಳ್ಳಿಹಳ್ಳಿಯಲ್ಲಿ ಹೆಂಗಸರು ಅದರ ವಿರುದ್ಧ ಎದ್ದು ನಿಂತಿದ್ದರು. ಅದರ ಮೇಲೊಂದು ಚಿತ್ರ ಮಾಡಿಕೊಡಿ ಎಂದು ಒಂದು ಸಂಸ್ಥೆಯವರು ನನಗೆ ಹೇಳಿದ್ದರು. ಹೆಂಗಸರೇನೋ ಕ್ಯಾಮೆರಾ ಮುಂದೆ ಧೈರ್ಯವಾಗಿ ಮಾತಾಡಿದರು, ಆದರೆ ಕುಡಿದು ಬೀಳುವುದನ್ನು ತೋರಿಸಲು ಯಾವ ಗಂಡಸು ಒಪ್ಪುತ್ತಾನೆ? ಆ ಕಾಲದ ಸಾಕ್ಷ್ಯಚಿತ್ರಗಳಲ್ಲಿ ಇಂಥ ಕಡೆ ನಟರನ್ನು ಕರೆಸಿ ಒಂದೆರಡು ದೃಶ್ಯ ಆಡಿಸಿಬಿಡುತ್ತಿದ್ದೆವು. ಅದಕ್ಕೆ ನಾಟಕದ ಕಲಾವಿದೆಯೊಬ್ಬಳನ್ನು ಹೆಂಡತಿಯ ಪಾತ್ರಕ್ಕೆ, ಇನ್ನೊಬ್ಬ ನಟನನ್ನು ಕುಡುಕನ ಪಾತ್ರಕ್ಕೆ ಗೊತ್ತುಮಾಡಿಕೊಂಡು ರಾಮನಗರದ ಆಚೆಯ ಒಂದು ಹಳ್ಳಿಗೆ ಹೋದೆವು.

ಕುಡುಕನ ಪಾತ್ರದವನು ಹಿಂದಿನ ದಿನವೇ ಬಂದಿದ್ದ. ಪಾತ್ರದ ಒಳಹೊಕ್ಕು ನೋಡುತ್ತೇನೆ ಎಂದು ಹೋದವನು ಬೆಳಿಗ್ಗೆ ಹತ್ತಾದರೂ ಏಳಲೇ ಇಲ್ಲ.

ಅವತ್ತು ನಮ್ಮ ಯಜಮಾನರು ಬ್ಯಾಂಕಿಗೆ ರಜೆ ಹಾಕಿ ಜೊತೆಗೆ ಬಂದಿದ್ದರು, ಊಟದ ಕ್ಯಾರಿಯರ್ ಹೊರಲು. ಮದುವೆಯಾಗಿ ಒಂದು ವರ್ಷವಾಗಿತ್ತು. ಧಾರವಾಡದ ಕಡೆಯವರು. ಹೆಂಡ ಹೋಗಲಿ, ಚಹಾ ಬಿಟ್ಟರೆ ಇನ್ನೇನೂ ಮುಟ್ಟದ ಮನುಷ್ಯ. ನಾನು ಮೈಸೂರಿನವಳು, ಕಾಫಿ ನಮ್ಮ ಮನೆತನದ ಹೆಮ್ಮೆ. ಆ ಒಂದು ವರ್ಷದಲ್ಲಿ ನಾನು ಕೈಯಾರೆ ಹಾಕಿಕೊಟ್ಟ ಫಿಲ್ಟರ್ ಕಾಫಿಯನ್ನು ಒಂದು ದಿನವಾದರೂ ಕುಡಿದವರಲ್ಲ. "ಕಹಿ ಆಗ್ತದ, ಬ್ಯಾಡ" ಎಂದು ಲೋಟ ಪಕ್ಕಕ್ಕೆ ಸರಿಸುತ್ತಿದ್ದರು.

"ರೀ, ನೀವೇ ಬೀಳಿ" ಅಂದೆ.

"ಎಲ್ಲಿ?"

"ಅಲ್ಲಿ, ಮೋರಿಗೆ."

"ಒಣಗಿದ್ದು ಇಲ್ಲೇನು?"

ಒಣಗಿದ್ದು ಇತ್ತು. ಆದರೆ ಚಿತ್ರದಲ್ಲಿ ಅದಕ್ಕೆ ಜೀವ ಇರಲಿಲ್ಲ. ಪಾಪ, ಪಂಚೆ ಉಟ್ಟು ಬಿದ್ದರು. ಮತ್ತೆ ಬಿದ್ದರು. ನಡುವೆ ಆ ಕಲಾವಿದೆ ಓಡಿಬಂದು ಟವೆಲ್ ಕೊಟ್ಟಳು, ತನ್ನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟಳು. ಇವರು ಎರಡು ಲೋಟ ಕುಡಿದರು. ಅದಿರಲಿ. ಬೆಳಕು ಸರಿ ಬರಲಿಲ್ಲ ಅಂತ ನಾನು ಇನ್ನೊಂದು ಟೇಕ್ ಅಂದೆ. ಆಮೇಲೆ ಇನ್ನೊಂದು. ಒಟ್ಟು ಒಂಬತ್ತು ಟೇಕ್ ಆಯಿತು. ಒಂಬತ್ತನೇ ಸಲ ಬಿದ್ದವರು ಏಳಲಿಲ್ಲ. ಮೋರಿಯಲ್ಲೇ ಕೂತು, ತಲೆ ಮೇಲೆತ್ತಿ, ಕ್ಯಾಮೆರಾದ ಕಡೆ ಒಂದು ನೋಟ ನೋಡಿದರು. ಬದುಕಿನಲ್ಲಿ ಇನ್ನೇನೂ ಉಳಿದಿಲ್ಲ ಅನ್ನುವ ನೋಟ. ಕ್ಯಾಮೆರಾಮನ್ ಕಣ್ಣು ಒರೆಸಿಕೊಂಡ.

ಅದನ್ನೇ ಚಿತ್ರದಲ್ಲಿ ಇಟ್ಟೆ. ಪಂಚೆಯನ್ನು ಮನೆಗೆ ತಂದು ಮೂರು ಸಲ ಒಗೆದೆ, ನಾಲ್ಕನೇ ಸಲ ನೆಲ ಒರೆಸಲು ಇಟ್ಟುಕೊಂಡೆ.

೨. ಕೊತ್ತಂಬರಿ ಸೊಪ್ಪಿನ ಪಕ್ಕ

ಆ ಚಿತ್ರವನ್ನು ವ್ಯಾನಿನಲ್ಲಿ ಹಾಕಿಕೊಂಡು ಶಾಲೆಶಾಲೆಗೆ ಒಯ್ದು ತೋರಿಸಿದರು. ಟಿ.ವಿ.ಯಲ್ಲೂ ಬಂತು. ಆಮೇಲೆ ಯಜಮಾನರ ಅಕ್ಕ ಸ್ಪಾನ್ಸರ್ ಮಾಡಿ, ವೀಸಾಕ್ಕೆ ವರ್ಷಗಟ್ಟಲೆ ಕಾದು, ನಾವು ಅಮೆರಿಕಕ್ಕೆ, ಈ ಎಡಿಸನ್ನಿಗೆ ಬಂದೆವು. ಅವರು ಒಂದು ವೇರ್‌ಹೌಸಿನಲ್ಲಿ ಸೂಪರ್‌ವೈಸರ್ ಆದರು. ನಾನು ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿಕೊಡುವ ಅಂಗಡಿಗೆ ಸೇರಿದೆ. ಸಿನಿಮಾ ಮಾಡುತ್ತಿದ್ದವಳು ಊರವರ ಮದುವೆ ಕ್ಯಾಸೆಟ್ಟಿನ ಧೂಳು ಒರೆಸುತ್ತ ಕೂತೆ.

ಒಂದು ಶನಿವಾರ ಇಂಡಿಯನ್ ಗ್ರೋಸರಿಗೆ ಹೋಗಿದ್ದೆವು. ನಾನು ಬೆಂಡೆಕಾಯಿಯ ತುದಿ ಮುರಿದು ನೋಡಿ ಒಂದೊಂದಾಗಿ ಆರಿಸುತ್ತಿದ್ದೆ. ಇದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಯಜಮಾನರು ಕೊತ್ತಂಬರಿ ಸೊಪ್ಪಿನ ಪಕ್ಕ ಕಾರ್ಟ್ ಹಿಡಿದು ನಿಂತಿದ್ದರು. ಐವತ್ತರ ಆಸುಪಾಸಿನ ಒಬ್ಬರು ಹೋಗುತ್ತಿದ್ದವರು ಗಕ್ಕನೆ ನಿಂತರು, ಇವರ ಮುಖ ನೋಡಿದರು, ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ನೋಡಿದರು.

"ಸರ್, ತಪ್ಪು ತಿಳ್ಕೋಬೇಡಿ. ನೀವು ಯಾವತ್ತಾದ್ರೂ ಮೋರಿಗೆ ಬಿದ್ದಿದ್ರಾ?"

"ಹೌದ್ರಿ" ಅಂದರು ನಮ್ಮವರು.

ಆ ಮನುಷ್ಯನ ಕಣ್ಣು ತುಂಬಿಬಂತು. "ನಾನು ತಿಪಟೂರಿನಲ್ಲಿ ಹೈಸ್ಕೂಲಿನಲ್ಲಿದ್ದಾಗ ತೋರಿಸಿದ್ರು ಸರ್. ಆ ನೋಟ ಇವತ್ತಿಗೂ ಕಣ್ಣಲ್ಲಿದೆ. ಈಗ ನಿಂತಿದ್ರಲ್ಲ, ಅದೇ ನೋಟ. ಕಾಲೇಜಿನಲ್ಲಿ ಫ್ರೆಂಡ್ಸ್ ಎಷ್ಟು ಫೋರ್ಸ್ ಮಾಡಿದ್ರೂ ನಾನು ಕುಡೀಲಿಲ್ಲ ಸರ್, ನಿಮ್ಮಿಂದ."

ನಾನು ಬೆಂಡೆಕಾಯಿ ಬಿಟ್ಟು ಓಡಿಬಂದೆ. ಮೂವತ್ತು ವರ್ಷದ ಮೇಲೆ ನನ್ನ ಚಿತ್ರ ನೋಡಿದವರೊಬ್ಬರು ಸಿಕ್ಕಿದ್ದಾರೆ. "ಆ ಚಿತ್ರ ಮಾಡಿದವಳು ನಾನೇ" ಅಂದೆ.

"ಹೌದಾ ಮೇಡಂ? ನೀವೂ ಇದ್ರಾ ಅದರಲ್ಲಿ?"

"ಕ್ಯಾಮೆರಾ ಹಿಂದೆ ಇದ್ದೆ."

"ಓ, ಹಾಗಾದ್ರೆ ಒಳ್ಳೇದಾಯ್ತು" ಎಂದು ಅವರು ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟು, ಯಜಮಾನರ ಹೆಗಲ ಮೇಲೆ ಕೈಹಾಕಿ ನಿಂತರು. "ಅಭ್ಯಾಸ ಇರೋರಲ್ವಾ, ಒಂದು ಚೆನ್ನಾಗಿ ತೆಗೀರಿ ಮೇಡಂ."

೩. ದ್ರಾಕ್ಷಿ ಹಣ್ಣೂ ಬೇಡ

ಆ ಫೋಟೊ ಕನ್ನಡಿಗರ ಫೋನ್ ಗ್ರೂಪುಗಳಲ್ಲೆಲ್ಲ ಸುತ್ತಿತು. ಸುತ್ತುತ್ತ ಸುತ್ತುತ್ತ ಒಂದು ಸಣ್ಣ ವಿಷಯ ಎಲ್ಲೋ ಉದುರಿಹೋಯಿತು. ಅವರು ಕುಡುಕನ ಪಾತ್ರ ಮಾಡಿದ್ದರು ಅನ್ನುವುದು. ಸಾಕ್ಷ್ಯಚಿತ್ರ ಅಂದಮೇಲೆ ಎಲ್ಲ ನಿಜವೇ ಇರುತ್ತದೆ ಎಂದು ತಿಳಿದ ಜನ ಇವರನ್ನು ಕುಡಿತ ಗೆದ್ದು ಬಂದವರನ್ನಾಗಿ ಮಾಡಿಬಿಟ್ಟರು.

ನನಗೆ ಇದು ಗೊತ್ತಾದದ್ದು ಈಸ್ಟ್ ಬ್ರನ್ಸ್‌ವಿಕ್ಕಿನ ಒಂದು ಗೃಹಪ್ರವೇಶದಲ್ಲಿ. ಪೂಜೆ, ಊಟ ಮುಗಿದು ಹರಟೆ ನಡೆದಿತ್ತು. ಗಂಡಸರೆಲ್ಲ ಬೇಸ್‌ಮೆಂಟಿನಲ್ಲಿದ್ದರು. ಯಜಮಾನರು ಕೆಳಗೆ ಇಳಿಯುತ್ತಿದ್ದಂತೆ ಅಲ್ಲಿ ಗ್ಲಾಸುಗಳೆಲ್ಲ ಸೋಫಾದ ಹಿಂದೆ ಹೋದವಂತೆ. ಇವರು ಮೇಲೆ ನಮ್ಮ ಕಡೆ ಬಂದು ಕೂತರು. ಮನೆಯೊಡತಿ ಡಾಕ್ಟರು. ಹಣ್ಣಿನ ತಟ್ಟೆ ಹಿಡಿದುಕೊಂಡು ಬಂದವರು ಇವರ ಮುಂದೆ ಬಂದಾಗ ದ್ರಾಕ್ಷಿಯನ್ನು ಮಾತ್ರ ಕೈಯಲ್ಲಿ ತೆಗೆದುಕೊಂಡು, ಉಳಿದದ್ದನ್ನು ಮುಂದೆ ಹಿಡಿದರು. ಇವರು ಒಂದೆರಡು ಸಲ ಕೆಮ್ಮಿದರು. ಯಾರೋ ಕೆಮ್ಮಿನ ಸಿರಪ್ ತರಲು ಎದ್ದರೆ ಡಾಕ್ಟರು ಕಣ್ಸನ್ನೆ ಮಾಡಿ ಕೂರಿಸಿದರು. ಕೊನೆಗೆ ಇವರಿಗೆ ಶುಂಠಿ ಹಾಕಿದ ಬಿಸಿನೀರು ಬಂತು, ಜೊತೆಗೆ ಬೆನ್ನು ಸವರಲು ಇಬ್ಬರು ಬಂದರು.

ನನ್ನ ಪಕ್ಕದಲ್ಲಿ ನ್ಯೂಯಾರ್ಕಿನ ಆಚೆಯ ಹಿಕ್ಸ್‌ವಿಲ್ಲಿನಿಂದ ಬಂದಿದ್ದ ಒಬ್ಬ ಆಂಟಿ ಕೂತಿದ್ದರು. ಉಡುಪಿ ಕಡೆಯವರು, ಅವರ ಮನೆಯವರದು ಹೋಟೆಲ್ ವ್ಯಾಪಾರ. ನನಗಿಂತ ಹತ್ತು ವರ್ಷ ದೊಡ್ಡವರು. ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಎಷ್ಟು ಸಹಿಸಿಕೊಂಡ್ರಿ ಮಾರಾಯ್ರೆ. ಬೇರೆ ಹೆಂಗಸರಾದ್ರೆ ಬಿಟ್ಟು ಹೋಗ್ತಿದ್ರು."

"ಆಂಟಿ, ಅವರು ಕುಡೀತಾ ಇರಲಿಲ್ಲ. ಅದು ನಾನು ಮಾಡಿದ ಚಿತ್ರ."

"ಹೌದು, ಹೌದು" ಎಂದು ಆಂಟಿ ನನ್ನ ಕೈ ತಟ್ಟಿದರು. "ಮರ್ಯಾದೆ ಉಳಿಸ್ಲಿಕ್ಕೆ ಹಾಗೆ ಹೇಳ್ಬೇಕಾಗ್ತದೆ."

ಅವರಿಗೆ ಸಿಕ್ಕಿದ್ದು ಮೆಚ್ಚುಗೆ, ನನಗೆ ಸಿಕ್ಕಿದ್ದು ಅನುಕಂಪ. ಅದೂ ಪೂರ್ತಿ ಸಿಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆಂಟಿ, "ಆದ್ರೂ ಪಾಪ, ಇಷ್ಟು ಸಾಧು ಮನುಷ್ಯ ಯಾಕೆ ಕುಡೀಲಿಕ್ಕೆ ಶುರು ಮಾಡಿದ್ರೋ, ಮನೇಲಿ ಎಂತ ಕಷ್ಟ ಇತ್ತೋ" ಎಂದು ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದರು.

ಕಾರು ಹತ್ತಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಅಲ್ಲಾರೀ, ನಾನು ಯಾವತ್ತೂ ಕುಡಿದವನಲ್ಲ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದೆ" ಅಂದರು.

"ಏನಂದ್ರು?"

"ಎಲ್ಲಾರೂ ಮೊದಲ ಹಂಗ ಅಂತಾರ ಅಂದ್ರು."

೪. ಸೋಮವಾರದ ಮುಖ

ಇದಕ್ಕೆಲ್ಲ ಒಂದೇ ಉಪಾಯ ಅನ್ನಿಸಿತು. ನನ್ನ ಹನ್ನೊಂದೂ ಚಿತ್ರಗಳನ್ನು ಜನ ನೋಡಬೇಕು, ಕೊನೆಯಲ್ಲಿ ಬರುವ ನನ್ನ ಹೆಸರು ಓದಬೇಕು. ಆಗ ಎಲ್ಲ ತಾನಾಗಿಯೇ ತಿಳಿಯುತ್ತದೆ. ಕ್ಯಾಸೆಟ್ಟುಗಳನ್ನು ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ತಂದಿದ್ದೆ. ಅಂಗಡಿಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಒಂದೊಂದಾಗಿ ಡಿಜಿಟಲ್ ಮಾಡಿ ಇಂಟರ್ನೆಟ್ಟಿಗೆ ಏರಿಸಿದೆ. ಸೂಲಗಿತ್ತಿಯ ಚಿತ್ರವನ್ನು ನಾಲ್ಕು ಜನ ನೋಡಿದರು. ನಾನು ಎರಡು ಸಲ ನೋಡಿದ್ದೆ. ಉಳಿದ ಎರಡು ಸಲ ನೋಡಿದ್ದೂ ನಾನೇ ಇರಬೇಕು, ಅಂಗಡಿಯ ಕಂಪ್ಯೂಟರಿನಿಂದ.

ಒಂದು ವಾರ ಕಳೆಯಿತು. ಮಗಳು ಮ್ಯಾನ್‌ಹಟನ್‌ನಲ್ಲಿ ಕೆಲಸ ಮಾಡುತ್ತಾಳೆ, ಭಾನುವಾರ ಮನೆಗೆ ಬರುತ್ತಾಳೆ. ಒಳಗೆ ಬರುವಾಗಲೇ ಬಿದ್ದು ಬಿದ್ದು ನಗುತ್ತಿದ್ದಳು. "ಅಮ್ಮಾ, ಅಪ್ಪ ಈಸ್ ಅ ಸ್ಟಿಕ್ಕರ್."

ಫೋನು ತೋರಿಸಿದಳು. ನಾನೇ ಏರಿಸಿದ ಚಿತ್ರದಿಂದ ತೆಗೆದದ್ದು. ಮೋರಿಯಲ್ಲಿ ಕೂತು ತಲೆ ಎತ್ತಿ ನೋಡುತ್ತಿರುವ ಯಜಮಾನರ ಮುಖ, ಸುತ್ತ ಕತ್ತರಿಸಿ, ಕೆಳಗೆ ಯಾರೋ ಬರೆದಿದ್ದರು: ಸೋಮವಾರ. ಇನ್ನೊಂದರಲ್ಲಿ ಅದೇ ಮುಖದ ಕೆಳಗೆ: ಟ್ರೈನ್ ಲೇಟ್. ಮತ್ತೊಂದರಲ್ಲಿ: ಅತ್ತೆ ಬಂದ್ರು. ಅವಳ ಆಫೀಸಿನ ಕನ್ನಡದವರು ದಿನವೂ ಕಳಿಸಿಕೊಳ್ಳುತ್ತಾರಂತೆ. ಕನ್ನಡ ಬರದವರೂ ಕಳಿಸಿಕೊಳ್ಳುತ್ತಾರಂತೆ. ಆ ಮುಖಕ್ಕೆ ಭಾಷೆ ಬೇಕಾಗಿಲ್ಲವಂತೆ.

ಯಜಮಾನರು ಕನ್ನಡಕ ಏರಿಸಿ ನಿಧಾನವಾಗಿ ನೋಡಿದರು. "ಚಲೋ ಬಂದದ" ಅಂದರು. ತಮ್ಮ ಫೋನಿಗೂ ಹಾಕಿಸಿಕೊಂಡರು.

"ಪೀಪಲ್ ಲವ್ ಹಿಮ್, ಅಮ್ಮ" ಅಂದಳು ಮಗಳು.

ನನ್ನ ಹೊಟ್ಟೆ ಉರಿದುಹೋಯಿತು. ಆ ಮುಖ ಅವರದ್ದೇ ಇರಬಹುದು, ಆದರೆ ಕ್ಯಾಮೆರಾ ಎಲ್ಲಿ ಇಡಬೇಕು, ಎಷ್ಟು ಹೊತ್ತು ಇಡಬೇಕು ಎಂದವಳು ನಾನಲ್ಲವೇ? "ಇದನ್ನ ಡೈರೆಕ್ಟ್ ಮಾಡಿದ್ದು ಯಾರು ಅಂತ ಒಬ್ಬರಾದ್ರೂ ಕೇಳಲಿಲ್ವಾ?"

ಮಗಳು ಬಹಳ ಮೆತ್ತಗೆ ಹೇಳಿದಳು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ. "ನೋಬಡಿ ಆಸ್ಕ್ಸ್ ಹೂ ಡೈರೆಕ್ಟೆಡ್ ಅ ಸ್ಟಿಕ್ಕರ್, ಅಮ್ಮ."

ಮಾರನೇ ವಾರ ನಮ್ಮ ಮದುವೆಯ ವಾರ್ಷಿಕೋತ್ಸವ. ಮೈಸೂರಿನಿಂದ ನನ್ನ ತಂಗಿ ಶುಭಾಶಯ ಕಳಿಸಿದ್ದಳು. ಅದೇ ಮುಖ, ಕೆಳಗೆ ಮದುವೆಯಾಗಿ ಎಷ್ಟು ವರ್ಷವಾಯಿತು ಅನ್ನುವ ಲೆಕ್ಕ.

೫. ಹಿಕ್ಸ್‌ವಿಲ್ಲಿನಲ್ಲಿ ನನ್ನ ಭಾಷಣ

ಆಂಟಿಗೆ ನನ್ನ ಮೇಲೆ ಕನಿಕರ ಹುಟ್ಟಿತ್ತಲ್ಲ, ತಮ್ಮ ಮಹಿಳಾ ಮಂಡಳಿಗೆ ಬಂದು ನನ್ನದೊಂದು ಚಿತ್ರ ತೋರಿಸಿ ಮಾತಾಡಿ ಎಂದು ಕರೆದರು. "ನೀವೊಬ್ಬರೇ ಬಂದ್ರೂ ಅಡ್ಡಿಯಿಲ್ಲ" ಅಂದರು. ಆ ಮಾತು ಸ್ವಲ್ಪ ಚುಚ್ಚಿತು, ಆದರೂ ಒಪ್ಪಿದೆ.

ಬೇಕೆಂದೇ ಸೂಲಗಿತ್ತಿಯ ಚಿತ್ರ ಆರಿಸಿದೆ. ಅದರಲ್ಲಿ ಮೋರಿಯಿಲ್ಲ, ಗಂಡಸರೇ ಇಲ್ಲ. ಎಪ್ಪತ್ತೈದು ದಾಟಿದ ಅಜ್ಜಿ, ಅವಳ ಕೈ, ಅವಳ ಮಾತು, ಅಷ್ಟೇ. ಯಜಮಾನರಿಗೆ, "ನೀವು ಬರಬೇಡಿ, ಫ್ರಿಜ್ಜಿನಲ್ಲಿ ಸಾರಿದೆ" ಎಂದು ಹೇಳಿ ಎಡಿಸನ್ನಿನಲ್ಲಿ ರೈಲು ಹತ್ತಿದೆ. ಮ್ಯಾನ್‌ಹಟನ್‌ನಲ್ಲಿ ಇಳಿದು ಇನ್ನೊಂದು ರೈಲು ಹಿಡಿದು ಹಿಕ್ಸ್‌ವಿಲ್ ತಲುಪಿದೆ. ದಾರಿಯುದ್ದಕ್ಕೂ ಭಾಷಣ ಉರುಹೊಡೆದೆ.

ಮೂವತ್ತು ಹೆಂಗಸರು ಸೇರಿದ್ದರು. ಚಿತ್ರ ಓಡಿತು. ಯಾರೂ ಫೋನ್ ನೋಡಲಿಲ್ಲ. ಅಜ್ಜಿ, "ಕೂಸು ಅಳೋ ತನಕ ನನಗೆ ಉಸಿರಿಲ್ಲ" ಎಂದು ಹೇಳುವ ಕಡೆ ಮುಂದಿನ ಸಾಲಿನವರು ಸೆರಗಿನಿಂದ ಕಣ್ಣೊತ್ತಿಕೊಂಡರು. ಚಿತ್ರ ಮುಗಿಯಿತು. ನನಗೆ ಜನ್ಮ ಸಾರ್ಥಕ ಅನ್ನಿಸಿತು. ಪ್ರಶ್ನೆ ಇದ್ದರೆ ಕೇಳಿ ಎಂದೆ.

ಹಿಂದಿನಿಂದ ಒಬ್ಬಾಕೆ ಕೈ ಎತ್ತಿದರು. "ಅಜ್ಜಿ ಹಿಟ್ಟು ಬೀಸುವಾಗ ಬಾಗಿಲ ಹಿಂದೆ ಒಂದು ಬಿಳೀ ಹಾಳೆ ಕಾಣ್ತದಲ್ಲ, ಅದು ಏನು ಮೇಡಂ?"

"ಥರ್ಮೋಕೋಲ್. ಅಜ್ಜಿಯ ಮುಖಕ್ಕೆ ಬೆಳಕು ಬೀಳಲಿ ಅಂತ ಅದನ್ನ ಬಿಸಿಲಿಗೆ ಹಿಡೀತಿದ್ವಿ." ಇಷ್ಟು ಸೂಕ್ಷ್ಮವಾಗಿ ನೋಡಿದ್ದಾರಲ್ಲ ಎಂದು ಖುಷಿಯಾಯಿತು.

"ಅದನ್ನ ಹಿಡ್ಕೊಂಡು ನಿಂತೋರ ಮುಖ ಒಂದು ಕ್ಷಣ ಇಣುಕಿತು."

ಮೂವತ್ತು ವರ್ಷದಿಂದ ಆ ಚಿತ್ರ ನೋಡುತ್ತಿದ್ದೇನೆ, ನನಗೆ ಕಂಡಿರಲಿಲ್ಲ. ಎಲ್ಲರೂ ಹಿಂದಕ್ಕೆ ಓಡಿಸಿ ಎಂದರು. ಓಡಿಸಿದೆ. ಥರ್ಮೋಕೋಲ್ ಹಾಳೆಯ ಮೇಲಿನಿಂದ ಅದೇ ಮೂಗು, ಅದೇ ಮೀಸೆ, ಅದೇ ನೋಟ. ಅವತ್ತೂ ಇವರು ಕ್ಯಾರಿಯರ್ ಹೊತ್ತು ಬಂದಿದ್ದರು, ಊಟಕ್ಕೆ ತಡವಾಗಿತ್ತು ಅನ್ನುವುದು ನೆನಪಾಯಿತು.

ಇಡೀ ಕೋಣೆ ಚಪ್ಪಾಳೆ ತಟ್ಟಿತು. ಹೊರಡುವಾಗ ಆಂಟಿ ಒಂದು ಡಬ್ಬಿ ನನ್ನ ಕೈಗಿಟ್ಟರು. ಗೋಳಿಬಜೆಯಂತೆ. ನನಗೆ ಅಂದುಕೊಂಡು ಥ್ಯಾಂಕ್ಸ್ ಹೇಳಿದೆ.

"ಅವರಿಗೆ ಕೊಡಿ" ಅಂದರು ಆಂಟಿ. "ಬಿಸಿ ಮಾಡಿ ಕೊಡಿ."

೬. ನಾಲ್ಕು ಸೆಕೆಂಡು

ನಮ್ಮ ಕನ್ನಡ ಸಂಘದ ಅಧ್ಯಕ್ಷರು ಹೃದ್ರೋಗ ತಜ್ಞರು. ಒಂದು ದಿನ ಅವರಿಂದ ಫೋನ್ ಬಂತು. ಈ ಸಲದ ರಾಜ್ಯೋತ್ಸವದಲ್ಲಿ ತೊಂಬತ್ತರ ದಶಕದ ಸಾಕ್ಷ್ಯಚಿತ್ರ ತೋರಿಸುತ್ತೇವೆ, ಸನ್ಮಾನವೂ ಇದೆ ಎಂದರು. ಪೆಟ್ಟಿಗೆಯ ತಳದಲ್ಲಿದ್ದ ನೀಲಿ ರೇಷ್ಮೆ ಸೀರೆ ಆಗಲೇ ನನ್ನ ಕಣ್ಣ ಮುಂದೆ ಬಂತು.

"ಸರ್ ಅವರಿಗೆ ಪೇಟದ ಅಳತೆ ಎಷ್ಟು ಮೇಡಂ?" ಅಂದರು ಅಧ್ಯಕ್ಷರು.

ಕಣ್ಣ ಮುಂದಿನ ಸೀರೆ ಮತ್ತೆ ಪೆಟ್ಟಿಗೆಯ ತಳಕ್ಕೆ ಹೋಯಿತು. ಆಮೇಲೆ ನನಗೆ ಹಠ ಬಂತು. "ಒಂದು ಷರತ್ತು" ಅಂದೆ. "ತುಣುಕು ತೋರಿಸುವ ಹಾಗಿಲ್ಲ. ಇಡೀ ಚಿತ್ರ ತೋರಿಸಬೇಕು, ಕೊನೆಯ ಅಕ್ಷರದವರೆಗೆ." ಕೊನೆಯ ಅಕ್ಷರ ನನ್ನ ಹೆಸರು. ರಚನೆ, ನಿರ್ದೇಶನ, ಆಮೇಲೆ ಇನಿಷಿಯಲ್ ಸಮೇತ ನಾನು. ತೆರೆಯ ಮೇಲೆ ನಾಲ್ಕು ಸೆಕೆಂಡು ಇರುತ್ತದೆ. ಅವರ ನಲವತ್ತಕ್ಕೆ ನನ್ನ ನಾಲ್ಕು. ಅಷ್ಟು ಸಿಕ್ಕರೆ ಸಾಕಾಗಿತ್ತು. ಅಧ್ಯಕ್ಷರು ಒಪ್ಪಿದರು.

ಈಸ್ಟ್ ಬ್ರನ್ಸ್‌ವಿಕ್ಕಿನ ಒಂದು ಹೈಸ್ಕೂಲಿನ ಆಡಿಟೋರಿಯಂ. ಮಕ್ಕಳ ಡ್ಯಾನ್ಸು ಒಂದರ ಮೇಲೊಂದು ಬಂದು ಕಾರ್ಯಕ್ರಮ ಒಂದೂವರೆ ಗಂಟೆ ತಡವಾಗಿತ್ತು. ಕೊನೆಗೆ ಚಿತ್ರ ಶುರುವಾಯಿತು. ನಾನು ಎರಡನೇ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡು ಕೂತೆ. ಮೋರಿ ಬಂದಾಗ ಶಿಳ್ಳೆ ಬಿತ್ತು. ಬೀಳಲಿ ಎಂದು ಕಾದೆ. ಹಳ್ಳಿಯ ಹೆಂಗಸರು ಮೆರವಣಿಗೆಯಲ್ಲಿ ನಡೆದುಹೋಗುವ ಕೊನೆಯ ದೃಶ್ಯ ಬಂತು. ತೆರೆ ಕಪ್ಪಾಯಿತು. ಕ್ಯಾಮೆರಾಮನ್ ಹೆಸರು ಬಂತು. ಸಂಕಲನ ಬಂತು. ನಾನು ಉಸಿರು ಹಿಡಿದುಕೊಂಡೆ.

ಆಗ ಮೈಕಿನಲ್ಲಿ ಯಾರೋ ಅಂದರು, "ಆಚೆ ಬಿಸಿಬೇಳೆ ಬಾತ್ ರೆಡಿ ಇದೆ."

ಲೈಟು ಹತ್ತಿತು. ಎಂಟುನೂರು ಜನ ಒಟ್ಟಿಗೆ ಎದ್ದರು. ತೆರೆಯ ಮೇಲೆ ನನ್ನ ಹೆಸರು ಬಂದದ್ದು ಜನರ ಬೆನ್ನುಗಳ ನಡುವೆ ನನಗೆ ಮಾತ್ರ ಕಂಡಿತು. ಅದರಲ್ಲೂ ಪೂರ್ತಿ ಕಾಣಲಿಲ್ಲ, ಇನಿಷಿಯಲ್ ಕಂಡಿತು. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಅಧ್ಯಕ್ಷರು ಗಾಬರಿಯಾಗಿ ವೇದಿಕೆಗೆ ಓಡಿದರು, ಸನ್ಮಾನ ಬಾಕಿಯಿದೆ, ಐದೇ ನಿಮಿಷ ಎಂದು ಎಲ್ಲರನ್ನೂ ಕೂರಿಸಿದರು. ಯಜಮಾನರಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿ ದ್ರಾಕ್ಷಿ ಇರಲಿಲ್ಲ. "ಸರ್, ಎಲ್ಲರಿಗೂ ಇರುವ ಪ್ರಶ್ನೆ. ಆ ನೋಟ ನಿಮಗೆ ಎಲ್ಲಿಂದ ಬಂತು?" ಎಂದು ಅಧ್ಯಕ್ಷರು ಮೈಕು ಕೊಟ್ಟರು.

ನಮ್ಮವರು ಮೈಕನ್ನು ಒಮ್ಮೆ ತಟ್ಟಿ ನೋಡಿದರು. "ಅದು ಕುಡದಿದ್ದಲ್ರಿ. ನಾ ಚಹಾ ಬಿಟ್ರ ಏನೂ ಕುಡಿಯಂಗಿಲ್ಲ. ಒಂಬತ್ತು ಸಲ ಬಿದ್ದಿದ್ದೆ. ತಲಿ ಎತ್ತಿ ನೋಡಿದ್ರ, ಆಕಿ ಮತ್ತ ಒಮ್ಮೆ ಅನ್ನಾಕ ಬಾಯಿ ತಗದಿದ್ಲು."

"ಯಾರು ಸರ್?"

"ಡೈರೆಕ್ಟರು. ಅಲ್ಲಿ, ಎರಡನೇ ಸಾಲಿನಾಗ, ನೀಲಿ ಸೀರಿ." ಆಮೇಲೆ ನನ್ನ ಹೆಸರು ಹೇಳಿದರು. ಇನಿಷಿಯಲ್ ಸಮೇತ, ತೆರೆಯ ಮೇಲೆ ಬರುವ ಹಾಗೆಯೇ, ಒಂದೊಂದು ಅಕ್ಷರ ಬಿಡಿಸಿ. "ಹನ್ನೊಂದು ಚಿತ್ರ ಮಾಡ್ಯಾಳ. ನಾ ಒಂದರಾಗ ಬಿದ್ದೀನಿ, ಅಷ್ಟ."

ಎಂಟುನೂರು ತಲೆ ನನ್ನ ಕಡೆ ತಿರುಗಿದವು. ಮೊದಲು ಯಾರೋ ಒಬ್ಬರು, "ಒಂಬತ್ತು ಸಲಾನಾ?" ಅಂದರು. ಆಮೇಲೆ ಇಡೀ ಸಭೆ ನಕ್ಕು ಚಪ್ಪಾಳೆ ತಟ್ಟಿತು. ನನ್ನನ್ನು ವೇದಿಕೆಗೆ ಕರೆದರು. ಇನ್ನೊಂದು ಶಾಲು ತಂದಿರಲಿಲ್ಲ, ಯಜಮಾನರು ತಮ್ಮದನ್ನೇ ತೆಗೆದು ನನಗೆ ಹೊದಿಸಿದರು. ಒಂಬತ್ತು ಟೇಕ್ ಯಾಕೆ ಬೇಕಾಯಿತು ಮೇಡಂ ಎಂದು ಕೇಳಿದಾಗ ನಾನು ಬಹಳ ಗಂಭೀರವಾಗಿ, "ಬೆಳಕು. ಸತ್ಯವನ್ನು ಸರಿಯಾದ ಬೆಳಕಿನಲ್ಲೇ ತೋರಿಸಬೇಕು" ಎಂದೆ. ಅದಕ್ಕೂ ಚಪ್ಪಾಳೆ ಬಿತ್ತು.

ಅಲ್ಲಿಂದಾಚೆಗೆ ನಾನು ಒಂಬತ್ತು ಟೇಕಿನ ಆಂಟಿ. ಮುಂದಿನ ಶನಿವಾರ ಗ್ರೋಸರಿಗೆ ಹೋದರೆ ಅದೇ ತಿಪಟೂರಿನವರು ಸಿಕ್ಕಿದರು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಗಂಡನನ್ನ ಒಂಬತ್ತು ಸಲ ಬೀಳಿಸೋಕೆ ಎಂಥಾ ಧೈರ್ಯ ಬೇಕು ಮೇಡಂ, ನನಗೂ ಸ್ವಲ್ಪ ಹೇಳಿಕೊಡಿ" ಅಂದರು. ಗಂಡ ಹೆಂಡತಿ ಇಬ್ಬರೂ ನನ್ನ ಅಕ್ಕಪಕ್ಕ ನಿಂತು, ಫೋನನ್ನು ನಮ್ಮ ಯಜಮಾನರ ಕೈಗೆ ಕೊಟ್ಟರು. ಅವರು ಫೋಟೊ ತೆಗೆದರು. ಸರಿ ಬರಲಿಲ್ಲ, ಇನ್ನೊಂದು ತೆಗೀರಿ ಎಂದೆ. ಎಷ್ಟು ಹಿತವಾಗಿತ್ತು ಅಂದರೆ ಹೇಳಲಾರೆ.

ಕಾರಿನಲ್ಲಿ ಯಜಮಾನರು ಮುಖ ಸಣ್ಣ ಮಾಡಿಕೊಂಡು ಡ್ರೈವ್ ಮಾಡುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ, "ಬಿದ್ದಾಂವ ನಾನು" ಅಂದರು.

"ಹೌದು" ಅಂದೆ.

"ಖರೆ ಹೇಳು. ಯಾವ ಟೇಕ್ ಸರಿ ಇತ್ತು?"

ಶಾಲು ಹೊದಿಸಿಕೊಂಡ ಮೇಲೆ ಸುಳ್ಳು ಹೇಳಬಾರದು ಅನ್ನಿಸಿತು. "ಎರಡನೇದು."

"ಮತ್ತ ಉಳಿದ ಏಳು?"

"ಆ ಕಾಫಿಗೆ" ಅಂದೆ. "ನನ್ನ ಕಾಫಿ ಒಂದು ದಿನ ಮುಟ್ಟಿದವರಲ್ಲ. ಅವಳು ಬಗ್ಗಿಸಿಕೊಟ್ಟರೆ ಎರಡು ಲೋಟ."

ಎರಡು ಸಿಗ್ನಲ್ ದಾಟಿದೆವು. ಮೂವತ್ತು ವರ್ಷದ ಮೇಲಾದರೂ ತಪ್ಪಾಯ್ತು ಅನ್ನುತ್ತಾರೇನೋ ಎಂದು ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕಾದೆ. ನಮ್ಮ ಬೀದಿಗೆ ತಿರುಗುವಾಗ ಅವರು ಗಂಟಲು ಸರಿಮಾಡಿಕೊಂಡರು.

"ಕಾಫಿ ಭಾಳ ಚಲೋ ಇತ್ತು" ಅಂದರು.

ಈ ದೇಶದಲ್ಲಿ ಮನೆ ಮುಂದೆ ಮೋರಿ ಇಲ್ಲ. ಇದ್ದಿದ್ದರೆ ಹತ್ತನೇ ಟೇಕ್ ಅವತ್ತೇ ಆಗುತ್ತಿತ್ತು.